ಒಗ್ಗರಣೆ ಮೂಲೆ: ಬಾಕ್ಸ್ ಹಿಲ್‌ನಲ್ಲಿ ಬಸ್ಸಾರು

ಹೋದ ಯುಗಾದಿ ಸಂಚಿಕೆಯಲ್ಲಿ ಈ ಮೂಲೆಯಲ್ಲಿ ಹೋಳಿಗೆಯ ಕಣಕದ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಫೋನುಗಳನ್ನು ನೋಡಿದರೆ, ನಮ್ಮವರು ಅಧ್ಯಕ್ಷರ ಮಾತಿಗಿಂತ ಮೊದಲು ಒಗ್ಗರಣೆ ಮೂಲೆಯನ್ನೇ ತೆರೆಯುತ್ತಾರೆ ಎಂಬ ಅನುಮಾನ ಬಂದಿದೆ. ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ಈ ಸಲ ಹಬ್ಬದಡುಗೆಯ ಮಾತು ಸ್ವಲ್ಪವೇ. ಬಾಕ್ಸ್ ಹಿಲ್ ಸುತ್ತಮುತ್ತ ಬಾಡಿಗೆ ರೂಮುಗಳಲ್ಲಿರುವ ನಮ್ಮ ಹುಡುಗ ಹುಡುಗಿಯರು ದಿನಾ ಏನು ತಿನ್ನುತ್ತಾರೆ, ಏನು ತಿನ್ನಬಹುದು ಎನ್ನುವುದೇ ಇವತ್ತಿನ ವಿಷಯ.

ನಮ್ಮ ಕಡೆ ಫೋನಿನಲ್ಲಿ ಮೊದಲ ಪ್ರಶ್ನೆಯೇ 'ಊಟ ಆಯ್ತಾ?' ತಾನೆ. ಊರಿನಿಂದ ಅಮ್ಮ ಕೇಳುತ್ತಾರೆ, ಇಲ್ಲಿಂದ ಮಗ 'ಆಯ್ತಮ್ಮ' ಅನ್ನುತ್ತಾನೆ. 'ಏನು ಮಾಡಿದ್ದೆ?' ಎಂದರೆ 'ಅನ್ನ, ಸಾರು.' ಆ ಸಾರು ಎಷ್ಟೋ ಸಲ ಎರಡು ನಿಮಿಷದ ನೂಡಲ್ಸ್ ಆಗಿರುತ್ತದೆ, ಇಲ್ಲವೇ ಕೆಲಸ ಮಾಡುವ ಅಂಗಡಿಯಲ್ಲಿ ಉಳಿದ ತಣ್ಣನೆಯ ಚಿಪ್ಸು. ತುಮಕೂರು ಕಡೆಯ ಒಬ್ಬ ಹುಡುಗ ಮೂರು ತಿಂಗಳು ಬ್ರೆಡ್ಡು, ಜಾಮು, ನೂಡಲ್ಸಿನಲ್ಲೇ ಕಳೆದು, ಕೊನೆಗೆ ತಲೆಸುತ್ತಿ ಬಂದು ಡಾಕ್ಟರ ಹತ್ತಿರ ಹೋದ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶವೂ ಬಿ12 ಕೂಡ ನೆಲ ಕಚ್ಚಿದ್ದವು. ಮನೆಗೆ ತಿಳಿಸಬೇಡಿ ಆಂಟಿ ಎಂದು ಅವನು ಬೇಡಿಕೊಂಡಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಅವನ ಅಪ್ಪ ಸಾಲ ಮಾಡಿ ಕಳಿಸಿದ್ದಾರೆ. ಊಟಕ್ಕೆ ಹಣ ಸಾಲುತ್ತಿಲ್ಲ ಎಂದು ಹೇಳಿದರೆ ಇನ್ನೊಂದು ಸಾಲ ಮಾಡುತ್ತಾರೆ ಎಂಬ ಭಯ ಅವನಿಗೆ.

ಲೆಕ್ಕ ನೋಡಿ. 2024ರ ಮೇ ತಿಂಗಳಿಂದ ವಿದ್ಯಾರ್ಥಿ ವೀಸಾ ಕೇಳುವವರು ಒಂದು ವರ್ಷದ ಜೀವನಕ್ಕೆಂದೇ 29,710 ಡಾಲರ್ ತೋರಿಸಬೇಕು ಎಂಬ ನಿಯಮ ಬಂತು. ತೋರಿಸುವುದು ಬೇರೆ, ಕೈಯಲ್ಲಿರುವುದು ಬೇರೆ. 2023ರ ಜುಲೈನಿಂದ ಕಾಲೇಜು ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಬಾಡಿಗೆ ಕಟ್ಟಲೇಬೇಕು, ಫೀಸು ಕಟ್ಟಲೇಬೇಕು, ಮೈಕಿ ಕಾರ್ಡಿಗೆ ದುಡ್ಡು ಹಾಕಲೇಬೇಕು. ಕತ್ತರಿ ಬೀಳುವುದು ಹೊಟ್ಟೆಗೆ ಮಾತ್ರ. ಅದಕ್ಕೆ ಯಾರೂ ನೋಟಿಸು ಕಳಿಸುವುದಿಲ್ಲವಲ್ಲ!

ವಿದ್ಯಾರ್ಥಿಗೆ ಊಟ ಹಾಕುವ ವ್ಯವಸ್ಥೆಯಲ್ಲಿ ಕನ್ನಡನಾಡೇನೂ ಹಿಂದುಳಿದಿಲ್ಲ. ನಮ್ಮ ತಾತಂದಿರ ಕಾಲದಲ್ಲಿ ವಾರಾನ್ನ ಇತ್ತು. ಮೈಸೂರು, ಧಾರವಾಡಗಳಿಗೆ ಓದಲು ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆ ಹಿಡಿದು ಓದು ಮುಗಿಸುತ್ತಿದ್ದ. ದೊಡ್ಡ ದೊಡ್ಡ ವಕೀಲರು, ಸಾಹಿತಿಗಳು ಹಾಗೆ ಬೆಳೆದವರೇ. ಆದರೆ ಆ ಮನೆಗಳ ಬಾಗಿಲಿಗೆ ಜಾತಿಯ ಅಗುಳಿ ಇತ್ತು, ಅದನ್ನು ಮರೆತು ಬರೀ ಹೊಗಳುವುದು ನನ್ನಿಂದಾಗದು. ಆ ಅಗುಳಿಯನ್ನು ತೆಗೆದು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ತುಮಕೂರಿನ ಸಿದ್ಧಗಂಗಾ ಮಠ. 2019ರ ಜನವರಿಯಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಮುದ್ದೆ, ಸಾರು ಉಂಡರು. ಇವತ್ತೂ ಉಣ್ಣುತ್ತಿದ್ದಾರೆ. ರಾಗಿ, ಬೇಳೆ, ತರಕಾರಿಯನ್ನು ಸುತ್ತಲಿನ ರೈತರೇ ತಂದುಕೊಡುವುದುಂಟು. ಸರ್ಕಾರದ ಅಕ್ಷರ ದಾಸೋಹ 2002ರಲ್ಲಿ ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು.

ನಮ್ಮ ಸಂಘದವರೂ ಮೊದಲು ಯೋಚಿಸಿದ್ದು ವಾರಾನ್ನದ ದಾರಿಯಲ್ಲೇ. ಒಂದೊಂದು ಮನೆಯವರು ಒಬ್ಬೊಬ್ಬ ವಿದ್ಯಾರ್ಥಿಯನ್ನು ಭಾನುವಾರ ಊಟಕ್ಕೆ ಕರೆಯುವುದು. ಒಳ್ಳೆಯ ಮನಸ್ಸಿನಿಂದಲೇ ಕರೆದರು, ಬಂದವರು ಚೆನ್ನಾಗಿಯೇ ಉಂಡರು. ಮೂರನೇ ವಾರದಿಂದ ಮಕ್ಕಳಿಗೆ ಶಿಫ್ಟು ಬಂತು, ಅಸೈನ್‌ಮೆಂಟು ಬಂತು, ನೆಗಡಿ ಬಂತು. ನಿಜವಾಗಿ ಬಂದಿದ್ದು ಸಂಕೋಚ. ಇಪ್ಪತ್ತೆರಡು ವರ್ಷದವರು ವಾರವಾರ ಬೇರೆಯವರ ಡೈನಿಂಗ್ ಟೇಬಲ್ಲಿನ ಮುಂದೆ ಕುಳಿತು 'ಸಾಕು ಆಂಟಿ, ಸಾಕು' ಅನ್ನುವುದು ಎಷ್ಟು ದಿನ? ಅದೂ ಅಲ್ಲದೆ ಭಾನುವಾರ ಉಂಡರೆ ಸೋಮವಾರದಿಂದ ಶನಿವಾರದವರೆಗೆ ಏನು ಗತಿ?

ಇಲ್ಲಿ ಒಂದು ಮೆಲ್ಬರ್ನ್ ಕಥೆ ಹೇಳಬೇಕು. ಸ್ಟೆಫನಿ ಅಲೆಕ್ಸಾಂಡರ್ ಹೆಸರನ್ನು ಹಲವರು ಕೇಳಿರಬಹುದು. ಹಾಥಾರ್ನ್‌ನಲ್ಲಿ ಬಹಳ ವರ್ಷ ಹೆಸರಾಂತ ರೆಸ್ಟೋರೆಂಟ್ ನಡೆಸಿದವರು. 1996ರಲ್ಲಿ ಅವರು ಬರೆದ 'ದ ಕುಕ್ಸ್ ಕಂಪ್ಯಾನಿಯನ್' ಇಟ್ಟಿಗೆಯಷ್ಟು ದಪ್ಪದ ಪುಸ್ತಕ, ಇಲ್ಲಿಯ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಅದರ ವಿಶೇಷ ಏನೆಂದರೆ, ಅಡುಗೆಯ ಹೆಸರಿನ ಪ್ರಕಾರ ಜೋಡಿಸಿದ ಪುಸ್ತಕ ಅಲ್ಲ, ಪದಾರ್ಥದ ಹೆಸರಿನ ಪ್ರಕಾರ ಜೋಡಿಸಿದ್ದು. ಕೈಯಲ್ಲಿ ಬದನೆಕಾಯಿ ಇದ್ದರೆ ಬದನೆಕಾಯಿಯ ಪುಟ ತೆರೆಯಿರಿ. 2001ರಲ್ಲಿ ಆಕೆ ಕಾಲಿಂಗ್‌ವುಡ್ ಕಾಲೇಜ್ ಎಂಬ ಸರ್ಕಾರಿ ಶಾಲೆಯಲ್ಲಿ ಮಕ್ಕಳ ತೋಟ ಮತ್ತು ಅಡುಗೆಮನೆ ಶುರುಮಾಡಿದರು. ಸುತ್ತ ಸರ್ಕಾರಿ ವಸತಿಯ ಎತ್ತರದ ಗೋಪುರಗಳು, ಮನೆಯಲ್ಲಿ ಹತ್ತಾರು ಭಾಷೆ ಆಡುವ ಮಕ್ಕಳು. ವಾರಕ್ಕೆ ಮುಕ್ಕಾಲು ಗಂಟೆ ತೋಟದಲ್ಲಿ ಕೆಲಸ, ಒಂದೂವರೆ ಗಂಟೆ ಅಡುಗೆಮನೆಯಲ್ಲಿ. 2004ರಲ್ಲಿ ಇದಕ್ಕೊಂದು ಪ್ರತಿಷ್ಠಾನವಾಯಿತು, ಆಮೇಲೆ ದೇಶದ ಉದ್ದಗಲಕ್ಕೂ ಶಾಲೆಗಳಿಗೆ ಹಬ್ಬಿತು. ನಮ್ಮ ಸದಸ್ಯರ ಮಕ್ಕಳಲ್ಲೂ ಕೆಲವರು ಆ ಕ್ಲಾಸಿನಲ್ಲಿ ಸಿಲ್ವರ್‌ಬೀಟ್ ಕೊಯ್ದವರಿದ್ದಾರೆ.

ಆ ವ್ಯವಸ್ಥೆಯ ಗುಟ್ಟು ಒಂದೇ. ಇವತ್ತಿನ ಅಡುಗೆ ಏನು ಎಂದು ತೋಟ ಹೇಳುತ್ತದೆ, ಪುಸ್ತಕ ಅಲ್ಲ. ಕುಂಬಳ ಬಲಿತಿದ್ದರೆ ಕುಂಬಳದ್ದು, ಅವರೆ ಬಿಟ್ಟಿದ್ದರೆ ಅವರೆಯದ್ದು. ನಾಲ್ಕೈದು ಮಕ್ಕಳ ಗುಂಪು ಒಂದೊಂದು ಬಗೆ ಮಾಡುತ್ತದೆ, ಕೊನೆಗೆ ಎಲ್ಲರೂ ಮೇಜು ಹಾಕಿಕೊಂಡು ಒಟ್ಟಿಗೆ ತಿನ್ನುತ್ತಾರೆ.

ನಮ್ಮ ಹುಡುಗರದು ಇದಕ್ಕೆ ಪೂರಾ ಉಲ್ಟಾ. ಮೊದಲು 'ಇವತ್ತು ನುಗ್ಗೆಕಾಯಿ ಹುಳಿ' ಎಂದು ಮನಸ್ಸಿನಲ್ಲಿ ನಿಶ್ಚಯ. ಆಮೇಲೆ ಇಂಡಿಯನ್ ಅಂಗಡಿಗೆ ಹೋಗಿ, ಎಲ್ಲಿಂದಲೋ ಹಡಗಿನಲ್ಲಿ ಬಂದ ಐಸುಗಟ್ಟಿದ ನುಗ್ಗೆಕಾಯಿಯ ಪೊಟ್ಟಣದ ಬೆಲೆ ನೋಡಿ, ಅದನ್ನು ಅಲ್ಲೇ ಇಟ್ಟು, ನೂಡಲ್ಸ್ ಹಿಡಿದು ವಾಪಸು. ಆ ಅಂಗಡಿಗೆ ಹೋಗುವ ದಾರಿಯಲ್ಲೇ ಬಾಕ್ಸ್ ಹಿಲ್ ಸ್ಟೇಷನ್ನಿನ ಮೇಲೆ ರಾಶಿ ರಾಶಿ ಸೊಪ್ಪು ಬಿದ್ದಿರುತ್ತದೆ. ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದರ ಮೇಲಿನ ಬೋರ್ಡು ಚೀನೀ ಲಿಪಿಯಲ್ಲಿದೆ.

ಬಾಕ್ಸ್ ಹಿಲ್ ಗೊತ್ತಿಲ್ಲದವರಿಗೆ ಎರಡು ಮಾತು. (ಸಿಡ್ನಿಯ ಓದುಗರು ತಮ್ಮ ರೌಸ್ ಹಿಲ್ ಪಕ್ಕದ ಬಾಕ್ಸ್ ಹಿಲ್ ಎಂದುಕೊಳ್ಳಬಾರದು. ಅಲ್ಲಿಯೂ ಈಗ ನಮ್ಮವರು ಸಾಲು ಸಾಲು ಮನೆ ಕಟ್ಟಿದ್ದಾರೆ, ಆದರೆ ಆ ಮಾತು ಇನ್ನೊಮ್ಮೆ.) ನಮ್ಮದು ಮೆಲ್ಬರ್ನಿನ ಪೂರ್ವಕ್ಕಿರುವ ಬಾಕ್ಸ್ ಹಿಲ್. ಪೋರ್ಟ್ ಮೆಲ್ಬರ್ನಿನಿಂದ ಬರುವ 109ನೇ ನಂಬರಿನ ಟ್ರಾಮಿನ ಕೊನೆಯ ನಿಲ್ದಾಣ. ರೈಲು ನೆಲದಡಿ, ಮಾರುಕಟ್ಟೆ ಅದರ ತಲೆಯ ಮೇಲೆ. ಎಲ್ಗರ್ ರಸ್ತೆಯಲ್ಲಿ ಬಾಕ್ಸ್ ಹಿಲ್ ಇನ್‌ಸ್ಟಿಟ್ಯೂಟ್, ಬಸ್ಸು ಹತ್ತಿದರೆ ಬರ್ವುಡ್‌ನ ಡೀಕಿನ್ ವಿಶ್ವವಿದ್ಯಾಲಯ. ಹಾಗಾಗಿ ವಿದ್ಯಾರ್ಥಿಗಳಿಗೆ ಬರವಿಲ್ಲ. ಒಂದು ಕಾಲಕ್ಕೆ ಇದು ಹಣ್ಣಿನ ತೋಟಗಳ ಸೀಮೆ. ಬಾಕ್ಸ್ ಹಿಲ್, ಡಾಂಕಾಸ್ಟರ್, ಬ್ಲ್ಯಾಕ್‌ಬರ್ನ್ ತುಂಬ ಸೇಬು, ಪೇರು, ಪೀಚ್ ಮರಗಳು. 1889ರಲ್ಲಿ ದಕ್ಷಿಣ ಗೋಳಾರ್ಧದ ಮೊದಲ ಎಲೆಕ್ಟ್ರಿಕ್ ಟ್ರಾಮು ಓಡಿದ್ದು ಇಲ್ಲಿಂದ ಡಾಂಕಾಸ್ಟರಿಗೆ, ಆ ತೋಟಗಳ ನಡುವೆಯೇ. ಏಳು ವರ್ಷಕ್ಕೆ ನಿಂತುಹೋಯಿತು, ಬಿಡಿ. ಅದಕ್ಕೂ ಮುಂಚೆ ಈ ನೆಲ ವುರುಂಜೆರಿ ಜನರದ್ದು. ಮರ್ನಾಂಗ್ ಎಂಬ ಹಳದಿ ಹೂವಿನ ಗಿಡದ ಗೆಡ್ಡೆಯನ್ನು ಅವರ ಹೆಂಗಸರು ಕೋಲಿನಿಂದ ಅಗೆದು ಸುಟ್ಟು ತಿನ್ನುತ್ತಿದ್ದರು. ಬಿಳಿಯರ ಕುರಿ ಮಂದೆ ಬಂದು ಅದನ್ನು ಬುಡಸಮೇತ ಮೇಯ್ದು ಮುಗಿಸಿತು. 'ಇಲ್ಲಿಯ ಆಹಾರ' ಎನ್ನುವಾಗ ನಮ್ಮ ನಾಲಗೆ ಸ್ವಲ್ಪ ತಡೆಯುವುದು ಒಳ್ಳೆಯದು.

ಈಗಲೂ ನಮ್ಮ ಊರಿಗೆ ತರಕಾರಿ ಬಹಳ ದೂರದಿಂದ ಬರುವುದಿಲ್ಲ. 2015ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ತಂಡವೊಂದು ಲೆಕ್ಕ ಹಾಕಿದ ಪ್ರಕಾರ, ವಿಕ್ಟೋರಿಯದಲ್ಲಿ ಬೆಳೆಯುವ ತರಕಾರಿಯಲ್ಲಿ ಶೇಕಡಾ 47 ಭಾಗ ಮೆಲ್ಬರ್ನಿನ ಸೆರಗಿನಲ್ಲೇ ಬೆಳೆಯುತ್ತದೆ. ವೆರಿಬಿ ದಕ್ಷಿಣದ ಹೂಕೋಸು, ಬ್ರಾಕೊಲಿ, ಆಗ್ನೇಯದ ಕ್ರ್ಯಾನ್‌ಬರ್ನ್ ಕಡೆಯ ಸೊಪ್ಪು, ಗೆಡ್ಡೆ. ಕಾಲಕ್ಕೆ ತಕ್ಕಂತೆ ಕೊಂಡರೆ ಇವೇ ಅಗ್ಗ.

ಇನ್ನು ವ್ಯವಸ್ಥೆ ಮಾಡಿದ ಕಥೆ. ಮೊದಲ ಪ್ರಯತ್ನ ನಮ್ಮ ಯಜಮಾನರದು. ಸಾಫ್ಟ್‌ವೇರಿನವರು ಸುಮ್ಮನಿರುತ್ತಾರೆಯೇ? ಒಂದು ಎಕ್ಸೆಲ್ ಶೀಟ್ ಮಾಡಿದರು. ಎರಡು ನೂರು ಸಾಲು, ಬಣ್ಣ ಬಣ್ಣದ ಕಾಲಮ್ಮು, ಪ್ರೋಟೀನ್ ಎಷ್ಟು, ಖರ್ಚು ಎಷ್ಟು. ಹುಡುಗರೆಲ್ಲ 'ಸೂಪರ್ ಅಂಕಲ್' ಎಂದು ಹೆಬ್ಬೆರಳ ಚಿತ್ರ ಕಳಿಸಿದರು. ಒಬ್ಬರೂ ಅದನ್ನು ತೆರೆದು ಅಡುಗೆ ಮಾಡಲಿಲ್ಲ. ದಾವಣಗೆರೆಯ ಒಬ್ಬ ಹುಡುಗಿ ಮಾತ್ರ ನೇರವಾಗಿ ಹೇಳಿದಳು: 'ಆಂಟಿ, ರೆಸಿಪಿ ಯೂಟ್ಯೂಬಿನಲ್ಲಿ ಸಾವಿರ ಇವೆ. ನನಗೆ ಬೇಕಾಗಿದ್ದು ಅದಲ್ಲ. ಅಂಗಡಿಯಲ್ಲಿ ಹೆಸರು ಗೊತ್ತಿಲ್ಲದ ತರಕಾರಿ ಮುಂದೆ ನಿಂತಾಗ ಇದರಿಂದ ಏನು ಮಾಡಬಹುದು ಅಂತ ಗೊತ್ತಾಗಬೇಕು, ಅಷ್ಟೇ.'

ಅಷ್ಟೇ ಅಂತೆ! ಆದರೆ ಅವಳು ಕೇಳಿದ್ದರಲ್ಲೇ ಉತ್ತರವಿತ್ತು. ನಮ್ಮ ಅಜ್ಜಿಯರು ತರಕಾರಿಯ ಹೆಸರು ನೋಡುತ್ತಿರಲಿಲ್ಲ, ಗುಣ ನೋಡುತ್ತಿದ್ದರು. ನೀರು ಬಿಡುವ ಕಾಯಿಯೇ? ಮಜ್ಜಿಗೆ ಹುಳಿಗೆ ಹಾಕು. ಗಟ್ಟಿಯೇ? ಪಲ್ಯ ಮಾಡು. ಕಹಿಯೇ? ಬೆಲ್ಲ, ಹುಣಸೆಹಣ್ಣು ಹಾಕಿ ಗೊಜ್ಜು ಮಾಡು. ಹಾಗಾಗಿ ಒಂದೇ ಹಾಳೆಯಲ್ಲಿ ಐದು ಗುಣ ಕೆಳಗೆ ಬರೆದೆವು: ಸೊಪ್ಪು, ನೀರುಕಾಯಿ, ಗಟ್ಟಿಕಾಯಿ, ಗೆಡ್ಡೆ, ಕಹಿ-ಹುಳಿ. ಅಡ್ಡಕ್ಕೆ ಐದು ಬಗೆ: ಸಾರು, ಹುಳಿ, ಪಲ್ಯ, ಗೊಜ್ಜು, ಮೊಸರಿನದು. ಐದೈದಲ ಇಪ್ಪತ್ತೈದು ಮನೆ. ನೋಡಿದ ಕೂಡಲೇ ಒಬ್ಬ 'ಇದು ಚೌಕಾಬಾರ!' ಎಂದ. ಹೆಸರು ಅಲ್ಲೇ ನಿಂತಿತು. ಚೌಕಾಬಾರದಲ್ಲಿ ಗೀಟು ಹಾಕಿದ ಕಟ್ಟೆ ಮನೆಯಲ್ಲಿ ಕಾಯಿಯನ್ನು ಯಾರೂ ಕಡಿಯುವಂತಿಲ್ಲವಲ್ಲ, ಹಾಗೆಯೇ ಯಾವ ಹೊಸಬ ಮಾಡಿದರೂ ಕೆಡದ ಅಡುಗೆಯ ಮನೆಗಳಿಗೆ ಗೀಟು ಹಾಕಿದೆವು. ಸೊಪ್ಪಿಗೆ ಸಾರು ಒಂದು ಕಟ್ಟೆ. ನೀರುಕಾಯಿಗೆ ಮೊಸರಿನದು ಒಂದು ಕಟ್ಟೆ. ಆಟದ ಮಣೆಯ ಜಾಗಗಳೇ ಅಲ್ಲ ಇವು, ಆ ತಕರಾರು ಆಗಲೇ ಬಂದಾಗಿದೆ. ಹಾಳೆ ಫ್ರಿಜ್ಜಿನ ಬಾಗಿಲಿಗೆ ಒಂದು, ಫೋಟೋ ಮೊಬೈಲಿನಲ್ಲಿ ಒಂದು.

ಆಮೇಲೆ ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸೇರುವುದು ಶುರುವಾಯಿತು. ಆರೇಳು ಮಕ್ಕಳು, ನಾವು ಇಬ್ಬರು ಮೂವರು ಹಿರಿಯರು. ಮಕ್ಕಳು ಇಬ್ಬಿಬ್ಬರಾಗಿ ಹೋಗಿ ಅವತ್ತು ಯಾವುದು ಅಗ್ಗವೋ, ಯಾವುದರ ಹೆಸರು ಗೊತ್ತಿಲ್ಲವೋ ಅದನ್ನು ತರಬೇಕು, ಇದೇ ನಿಯಮ. ಮೊದಲ ಶನಿವಾರ ಬಂದ ಚೀಲಗಳನ್ನು ಬಿಚ್ಚಿದಾಗ ನಗು ತಡೆಯಲಾಗಲಿಲ್ಲ. 'ಎನ್ ಚಾಯ್' ಎಂದು ತಂದದ್ದು ಕೆಂಪು ಗೀರಿನ ಎಲೆಯ ದಂಟಿನ ಸೊಪ್ಪು! ಬಯಲುಸೀಮೆಯ ಹುಡುಗನಿಗೇ ಅದರ ಗುರುತು ಸಿಕ್ಕಿರಲಿಲ್ಲ. 'ವಿಂಟರ್ ಮೆಲನ್' ನಮ್ಮ ಬೂದುಗುಂಬಳ. 'ಸ್ನೇಕ್ ಬೀನ್' ಗಜದುದ್ದದ ಅಲಸಂದೆಕಾಯಿ. ಏಣು ಏಣಿನ 'ಲೂಫಾ' ಹೀರೇಕಾಯಿ, 'ಡೈಕಾನ್' ಮೂಲಂಗಿ, 'ಟಾರೋ' ಕೆಸುವಿನ ಗೆಡ್ಡೆ. ಚೀನೀ ಲಿಪಿಯ ಪರದೆ ಸರಿಸಿದರೆ ಒಳಗೆ ಕೆ.ಆರ್. ಮಾರುಕಟ್ಟೆ.

ಇವುಗಳಲ್ಲಿ ನನಗೆ ಪ್ರೀತಿಯದ್ದು ಸೀಮೆಬದನೆ. ಆಸ್ಟ್ರೇಲಿಯದವರು ಇದನ್ನು 'ಚೋಕೋ' ಅನ್ನುತ್ತಾರೆ. ಹಳೆಯ ಸಿಡ್ನಿ ಮನೆಗಳ ಹಿತ್ತಲಿನ ಬೇಲಿ ತುಂಬ ಹಬ್ಬಿ, ತಿಂದು ತಿಂದು ಬೇಸತ್ತು ಒಂದು ಕಾಲಕ್ಕೆ ಜೋಕಿನ ವಸ್ತುವಾಗಿತ್ತು. ಚೀನಿಯವರು 'ಫೋ ಶೌ ಗುವಾ', ಅಂದರೆ ಬುದ್ಧನ ಕೈಯ ಕಾಯಿ ಅನ್ನುತ್ತಾರೆ. ಹುಟ್ಟೂರು ಮೆಕ್ಸಿಕೋ ಕಡೆ. ನಾವು ಸೀಮೆಯಿಂದ ಬಂದದ್ದು ಎಂದು ಸೀಮೆಬದನೆ ಎಂದೆವು, ತಮಿಳರು, ತೆಲುಗರು ನಮ್ಮ ಹೆಸರನ್ನೇ ಅಂಟಿಸಿ ಬೆಂಗಳೂರು ಬದನೆ ಎಂದರು. ಪರದೇಶದಿಂದ ಬಂದು ಬೆಂಗಳೂರಿನದ್ದೇ ಆಗಿಬಿಟ್ಟ ತರಕಾರಿ, ಬಾಕ್ಸ್ ಹಿಲ್‌ನಲ್ಲಿ ಬುದ್ಧನ ಕೈಯಾಗಿ ಕುಳಿತಿದೆ. ಅಲ್ಲಿ ತರಕಾರಿ ಮಾರುವ ಹಿರಿಯ ಹೆಂಗಸು ನಮ್ಮ ದಾವಣಗೆರೆಯ ಹುಡುಗಿಯನ್ನು ಇದಕ್ಕೆ ಏನು ಹಾಕುತ್ತೀರಿ ಎಂದು ಕೈಸನ್ನೆಯಲ್ಲಿ ಕೇಳಿ, ಕಡಲೆಬೇಳೆ, ತೆಂಗಿನಕಾಯಿ ಎಂದು ತಿಳಿದು ತಲೆಯಾಡಿಸಿದರಂತೆ. ಮೆಚ್ಚಿದರೋ ಮರುಗಿದರೋ ಗೊತ್ತಾಗಲಿಲ್ಲ ಎಂದಳು.

ಬೇಳೆಯ ವಿಷಯಕ್ಕೆ ಬಂದಾಗ ನಮ್ಮ ಹಿರಿಯರಲ್ಲೇ ಎರಡು ಪಕ್ಷವಾಯಿತು. ಸಾರೆಂದರೆ ತೊಗರಿಬೇಳೆ, ಬೇರೆ ಮಾತೇ ಇಲ್ಲ ಎಂದು ಒಂದು ಪಕ್ಷ. ಆದರೆ ರೂಮಿನಲ್ಲಿ ನಾಲ್ಕು ಜನಕ್ಕೆ ಇರುವುದು ಒಂದು ಒಲೆ, ಕುಕ್ಕರ್ ಇಲ್ಲ. ತೊಗರಿಬೇಳೆ ಬೇಯುವ ಹೊತ್ತಿಗೆ ಇವನ ಬಸ್ಸು ಹೋಗಿರುತ್ತದೆ. ಮಸೂರ್ ಬೇಳೆ ಬರೀ ಪಾತ್ರೆಯಲ್ಲಿ ಇಪ್ಪತ್ತು ನಿಮಿಷದೊಳಗೆ ಕರಗುತ್ತದೆ. ಅಲ್ಲದೆ ಅದು ನಮ್ಮ ವಿಕ್ಟೋರಿಯದ್ದೇ ಬೆಳೆ. ಹಾರ್ಶಮ್ ಸುತ್ತಲಿನ ವಿಮೆರಾ ಬಯಲು, ಅದರಾಚೆಯ ಮ್ಯಾಲಿ ಸೀಮೆ, ಇವೆಲ್ಲ ಮಸೂರದ ಕಣಜ. ಅಲ್ಲಿಂದ ಹಡಗು ಹಡಗು ಬೇಳೆ ಹೊರದೇಶಕ್ಕೆ ಹೋಗುತ್ತದೆ. ಅಕ್ಕಿಯೂ ಹಾಗೆಯೇ. ನ್ಯೂ ಸೌತ್ ವೇಲ್ಸಿನ ಮರಂಬಿಜಿ, ಮರ್ರೆ ಕಣಿವೆಗಳ ಮಧ್ಯಮ ಕಾಳಿನ ಅಕ್ಕಿಯನ್ನು ಅಂಟುತ್ತದೆ ಎಂದು ನಮ್ಮವರು ದೂರುತ್ತಾರೆ. ಮೊಸರನ್ನಕ್ಕೆ, ಹುಗ್ಗಿಗೆ, ಬಿಸಿಬೇಳೆ ಬಾತಿಗೆ ಅಂಟಬೇಕಲ್ಲವೇ? ಪುಳಿಯೋಗರೆ ದಿನ ಬೇಕಾದರೆ ಸೋನಾ ಮಸೂರಿ ಹುಡುಕಲಿ.

ಮಕ್ಕಳ ನಡುವೆ ಗೆದ್ದ ಅಡುಗೆ ಯಾವುದು ಗೊತ್ತೇ? ಬಸ್ಸಾರು. ಒಂದೇ ಪಾತ್ರೆಯಲ್ಲಿ ಬೇಳೆ, ಸಿಲ್ವರ್‌ಬೀಟ್ ಸೊಪ್ಪು, ಒಂದು ಹಿಡಿ ಬೀನ್ಸು. ಇಲ್ಲಿ ಮಾತ್ರ ಮಸೂರ್ ಸಲ್ಲದು, ಕರಗಿಹೋಗುತ್ತದೆ. ನೆನೆಸಿದ ಹೆಸರುಕಾಳಾದರೆ ಇಡಿಯಾಗಿ ನಿಲ್ಲುತ್ತದೆ, ಅದೂ ಕ್ವೀನ್ಸ್‌ಲ್ಯಾಂಡಿನಲ್ಲಿ ಬೆಳೆಯುವಂಥದ್ದೇ. ಬೆಂದ ಮೇಲೆ ಬಸಿದರೆ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು, ಉಳಿದದ್ದಕ್ಕೆ ಕಾಯಿತುರಿ ಹಾಕಿ ಪಲ್ಯ. ಒಂದು ಒಲೆ, ಎರಡು ಬಗೆ, ಎರಡು ದಿನದ ಊಟ, ಕಬ್ಬಿಣವೂ ಪ್ರೋಟೀನೂ ಒಟ್ಟಿಗೆ. ಮಂಡ್ಯ, ಹಾಸನದ ರೈತಮನೆಯ ಹೆಂಗಸರು ಸೌದೆ ಉಳಿಸಲು ಮಾಡಿಕೊಂಡ ಉಪಾಯವಿರಬೇಕು, ಇಲ್ಲಿಯ ಬಾಡಿಗೆ ರೂಮಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ತುಮಕೂರಿನ ಹುಡುಗ ಈಗ ಭಾನುವಾರ ರಾತ್ರಿ ದೊಡ್ಡ ಪಾತ್ರೆ ಇಡುತ್ತಾನೆ, ರೂಮಿನ ನೇಪಾಳಿ ಗೆಳೆಯನೂ ಪಾಲುದಾರ. ಮುದ್ದೆ ಮಾಡಲು ಮಾತ್ರ ಇನ್ನೂ ಧೈರ್ಯವಿಲ್ಲ.

ಮಾಂಸ, ಮೀನಿನ ಮಾತು ಬಿಟ್ಟರೆ ಅನ್ಯಾಯವಾಗುತ್ತದೆ. ಸಂಘದ ಕಾರ್ಯಕ್ರಮದಲ್ಲಿ ಸಸ್ಯಾಹಾರ ಸರಿ, ಆದರೆ ವಿದ್ಯಾರ್ಥಿಯ ರೂಮು ಸಂಘದ ಕಾರ್ಯಕ್ರಮವಲ್ಲ. ಉಡುಪಿ ಕಡೆಯ ಒಬ್ಬನಿಗೆ ಮೀನಿನ ಅಂಗಡಿಯಲ್ಲಿ ಇಲ್ಲಿಯ ಸಾರ್ಡೀನ್ ಕಂಡು ಬೂತಾಯಿಯೇ ಸಿಕ್ಕಷ್ಟು ಸಂತೋಷವಾಯಿತು. ನಿಜವಾದ ಬೂತಾಯಿಯಲ್ಲ, ಅದರ ದಾಯಾದಿ. ದೊಡ್ಡ ಮೀನುಗಳ ಪಕ್ಕದಲ್ಲಿ ಬಹಳ ಅಗ್ಗ. ಅವನು ಮಾಡಿದ ಪುಳಿಮುಂಚಿಯ ರುಚಿ ನಾನು ನೋಡಿಲ್ಲ, ನೋಡಿದವರು ಅದರ ಬಗ್ಗೆ ಬಿಟ್ಟು ಬೇರೆ ಮಾತಾಡಲಿಲ್ಲ. ಅದಕ್ಕೆ ಹುಣಸೆಹಣ್ಣಿನ ಜೊತೆ ಅವನು ಹಾಕಿದ್ದು ಹುಳಿ ಸೇಬಿನ ತುರಿ! ಗ್ರ್ಯಾನಿ ಸ್ಮಿತ್ ಸೇಬು ಹುಟ್ಟಿದ್ದೇ ಸಿಡ್ನಿಯ ಈಸ್ಟ್‌ವುಡ್‌ನಲ್ಲಿ. 1868ರ ಸುಮಾರಿಗೆ ಮರಿಯಾ ಆ್ಯನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ ತಾನಾಗಿ ಮೊಳೆತ ಗಿಡ ಅದು. ಮಾವಿನಕಾಯಿ ಚಿತ್ರಾನ್ನಕ್ಕೆ ಮಾವಿನಕಾಯಿ ಸಿಗದಾಗ ಇದನ್ನು ತುರಿದು ಹಾಕಿ ನೋಡಿ, ಸಿಡ್ನಿಯವರಂತೂ ನೋಡಲೇಬೇಕು.

ಇನ್ನು ಒಗ್ಗರಣೆ. ಅಂಕಣದ ಹೆಸರೇ ಅದಾದ್ದರಿಂದ ನಾಲ್ಕು ಮಾತು ಹೆಚ್ಚಾದರೂ ಸಹಿಸಿಕೊಳ್ಳಿ. ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ಏರಿದರೆ ಹೊಗೆ ಗಂಟೆ ಬಾರಿಸುತ್ತದೆ. ಅಗ್ನಿಶಾಮಕದವರು ಬಂದು, ಬೆಂಕಿ ಇಲ್ಲವೆಂದು ತಿಳಿದು, ಬಿಲ್ಲು ಕಟ್ಟಡದವರಿಗೆ ಹೋಗಿ, ಅದು ಬಾಡಿಗೆದಾರನ ತಲೆಗೆ ಬರುವುದುಂಟು. ಒಂದು ಒಗ್ಗರಣೆಗೆ ನೂರಾರು ಡಾಲರ್! ಇದಕ್ಕೆ ಹೆದರಿಯೇ ಅಡುಗೆ ಬಿಟ್ಟವರು ಇಬ್ಬರು ಸಿಕ್ಕಿದರು. ಹಾಗಾಗಿ ನಮ್ಮ ಹಿತ್ತಲಿನ ಬಾರ್ಬೆಕ್ಯೂ ಒಲೆಯ ಮೇಲೆ ದೊಡ್ಡ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಮೆಣಸಿನಕಾಯಿ, ಕರಿಬೇವು, ಇಂಗು ಹಾಕಿ, ಕರಿಬೇವು ಗರಿಗರಿಯಾಗುವವರೆಗೆ ಹುರಿದು, ಆರಿಸಿ ಬಾಟಲಿಗೆ ತುಂಬಿ ಕೊಟ್ಟೆವು. ಸಾರಿಗೆ ಒಂದು ಚಮಚ. ಬೆಳ್ಳುಳ್ಳಿ ಮಾತ್ರ ಹಾಕಬಾರದು, ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು. ಬಾಟಲಿ ಫ್ರಿಜ್ಜಿನಲ್ಲಿರಬೇಕು, ಹದಿನೈದು ದಿನದಲ್ಲಿ ಮುಗಿಸಬೇಕು. 'ಚುಂಯ್ ಅನ್ನದ ಒಗ್ಗರಣೆಯೂ ಒಗ್ಗರಣೆಯೇ?' ಎಂದು ನಮ್ಮ ಹಿರಿಯ ಸದಸ್ಯೆಯೊಬ್ಬರು ಮುಖ ಸಿಂಡರಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಚುಂಯ್ ಅನ್ನಿಸಲು ಅವರ ಮನೆಯಲ್ಲಿ ಹೊಗೆಗೊಳವೆ ಇದೆ.

ಸೊಪ್ಪು ಸಿಗುತ್ತದೆಂದು ದಾರಿಬದಿಯದ್ದನ್ನೆಲ್ಲ ಕೊಯ್ಯಬೇಡಿ ಎಂದೂ ಮಕ್ಕಳಿಗೆ ಹೇಳಿದ್ದೇವೆ. ಬೇಸಿಗೆಯಲ್ಲಿ ಗೋಣಿಸೊಪ್ಪು ಇಲ್ಲಿಯ ಹಿತ್ತಲುಗಳಲ್ಲಿ ಕಳೆಯಾಗಿ ಬೆಳೆಯುತ್ತದೆ, ಗುರುತು ಬಲ್ಲವರು ಮಾತ್ರ ಮನೆಯೊಳಗಿನದ್ದನ್ನು ಕೀಳಲಿ. ಅಣಬೆಯ ತಂಟೆ ಬೇಡವೇ ಬೇಡ, ಓಕ್ ಮರಗಳ ಬುಡದಲ್ಲಿ ಏಳುವ ಡೆತ್ ಕ್ಯಾಪ್ ಅಣಬೆ ಪ್ರಾಣ ತೆಗೆಯುತ್ತದೆ. ಯುಗಾದಿಗೆ ಇನ್ನೊಂದು ಎಚ್ಚರಿಕೆ. ಬೀದಿಯಲ್ಲಿ ಬೇವನ್ನೇ ಹೋಲುವ ವೈಟ್ ಸೀಡರ್ ಮರಗಳಿವೆ. ಅದು ಬೇವಿನ ಬಂಧುವೇ, ಆದರೆ ಅದರ ಕಾಯಿ ವಿಷ. ಬೇವು ಬೆಲ್ಲಕ್ಕೆ ಅದನ್ನು ಮುಟ್ಟಬಾರದು. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯ ಅರ್ಥ ಬೇರೆ, ಆದರೂ ಇಲ್ಲಿ ಅಕ್ಷರಶಃ ತೆಗೆದುಕೊಂಡರೆ ನಷ್ಟವಿಲ್ಲ.

ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡಿ. ಶನಿವಾರವೇ ಹೆಚ್ಚು ಕೆಲಸ ಸಿಗುವ ದಿನವಾದ್ದರಿಂದ, ಯಾರಿಗೆ ಇದು ಹೆಚ್ಚು ಬೇಕೋ ಅವರೇ ಬರಲಾರರು. ಅಂಥವರಿಗೆ ಬಂದವರೇ ಹೋಗಿ ಹೇಳಿಕೊಡಬೇಕು ಎಂದು ಗೊತ್ತುಮಾಡಿದ್ದೇವೆ. ಅರ್ಧ ನಡೆದಿದೆ, ಅರ್ಧ ಇಲ್ಲ. ಡಬ್ಬಿ ಊಟ ಮಾಡಿ ಮಾರೋಣ ಎಂಬ ಸಲಹೆಯೂ ಬಂತು. ಮಾರುವುದಾದರೆ ವಿಕ್ಟೋರಿಯದ ಆಹಾರ ಕಾಯಿದೆಯ ಪ್ರಕಾರ ಕೌನ್ಸಿಲ್ಲಿನಲ್ಲಿ ನೋಂದಣಿ ಬೇಕು, ಅಡುಗೆಮನೆ ತಪಾಸಣೆ ಬೇಕು. ಅದಕ್ಕಿಂತ ಹೆಚ್ಚಾಗಿ, ನಾವು ಮತ್ತೆ ಬಡಿಸುವವರು, ಅವರು ಮತ್ತೆ ಕೈಯೊಡ್ಡುವವರು ಆಗಿಬಿಡುತ್ತೇವೆ. ನನಗೆ ಇಷ್ಟವಾಗಲಿಲ್ಲ, ಹೇಳಿದೆ. ಈ ವಿಷಯದಲ್ಲಿ ಸಮಿತಿಯಲ್ಲಿ ಒಮ್ಮತವಿಲ್ಲ.

ಹಬ್ಬದ ಮಾತು ಸ್ವಲ್ಪವೇ ಎಂದಿದ್ದೆ, ಅದು ಇಲ್ಲಿದೆ. ಊರಿನಲ್ಲಿ ಅವರೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಬೆಂಗಳೂರಿನಲ್ಲಿ ಮೇಳವೇ ನಡೆಯುತ್ತದೆ. ಇಲ್ಲಿ ಋತು ತಲೆಕೆಳಗು. ಈಗ, ದೀಪಾವಳಿಯ ಹೊತ್ತಿಗೆ, ಮಾರುಕಟ್ಟೆಗೆ ಬ್ರಾಡ್ ಬೀನ್ಸ್ ಬರುತ್ತದೆ. ಇಟಲಿ, ಗ್ರೀಸಿನ ಹಿರಿಯರ ಹಿತ್ತಲಲ್ಲಂತೂ ರಾಶಿ. ಸಿಪ್ಪೆ ಸುಲಿದು, ಕಾಳನ್ನು ಒಂದು ನಿಮಿಷ ಬಿಸಿನೀರಿಗೆ ಹಾಕಿ ತೆಗೆದು ಬೆರಳ ನಡುವೆ ಒತ್ತಿ ನೋಡಿ: ಪಚಕ್ಕೆಂದು ಹಸಿರು ಹಿದಕಿದ ಬೇಳೆ ಹೊರಗೆ! ಸೊಗಡು ಅವರೆಯದ್ದಲ್ಲ, ಕೆಲಸ ಮಾತ್ರ ಅದೇ. ಕೊತ್ತಂಬರಿ, ಶುಂಠಿ, ಕಾಯಿ ಹಾಕಿ ಸಾರು ಮಾಡಿದರೆ ಮಂಡ್ಯದವರೂ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಜಿ6ಪಿಡಿ ಕೊರತೆ ಇರುವವರು ಮಾತ್ರ ಇದನ್ನು ತಿನ್ನಬಾರದು, ರಕ್ತಕ್ಕೆ ತೊಂದರೆಯಾಗುತ್ತದೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಡಾಕ್ಟರನ್ನು ಕೇಳಿ. ಈ ತಿಂಗಳ ಶನಿವಾರ ಮಕ್ಕಳೆಲ್ಲ ಕುಳಿತು ಹಿದಕುವ ಕಾರ್ಯಕ್ರಮವಿದೆ. ಹಿರಿಯರ ಬೆರಳುಗಳಿಗೂ ಸ್ವಾಗತ.

ಕೊನೆಯದಾಗಿ ಕುಕ್ಕರ್ ಬ್ಯಾಂಕಿನ ವಿಷಯ. ಹೊಸ ಕುಕ್ಕರ್ ಕೊಂಡ ಮನೆಗಳಲ್ಲಿ ಹಳೆಯದು ಗ್ಯಾರೇಜಿನಲ್ಲಿ ಕುಳಿತಿರುತ್ತದೆ. ಅದನ್ನು ನಮಗೆ ಕೊಡಿ. ವಿದ್ಯಾರ್ಥಿ ಓದು ಮುಗಿಯುವವರೆಗೆ ಇಟ್ಟುಕೊಂಡು, ಹೋಗುವಾಗ ತೊಳೆದು ಮುಂದಿನವರಿಗೆ ಕೊಟ್ಟು ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಇದುವರೆಗೆ ಒಂಬತ್ತು ಬಂದಿವೆ, ಹನ್ನೆರಡು ಮಂದಿ ಕಾಯುತ್ತಿದ್ದಾರೆ. ಮೂರು ಲೀಟರಿನದ್ದಾದರೆ ಉತ್ತಮ. ಗ್ಯಾಸ್ಕೆಟ್ಟು ಸವೆದಿದ್ದರೂ, ಹಿಡಿ ಸಡಿಲವಾಗಿದ್ದರೂ ಪರವಾಗಿಲ್ಲ, ಯಜಮಾನರು ಎಕ್ಸೆಲ್ ಶೀಟ್ ಬಿಟ್ಟು ಈಗ ರಿಪೇರಿಗೆ ಕುಳಿತಿದ್ದಾರೆ. ವೆಯ್ಟು ಕಳೆದುಹೋಗಿದ್ದರೆ ಮಾತ್ರ ಮೊದಲೇ ತಿಳಿಸಿ, ಊರಿಗೆ ಹೋಗುವವರ ಕೈಯಲ್ಲಿ ತರಿಸಬೇಕು.